ಡ್ರಮ್ಮಿನ ತಳ

ಟಕ್, ಟಕ್.

ಸ್ಪ್ಯಾನರಿನಿಂದ ಎರಡು ಏಟು. ಎರಡು ಏಟೆಂದರೆ ಸುರಿ ಎಂದು. ಅವಳು ತಡಮಾಡಲಿಲ್ಲ, ಕ್ಯಾನನ್ನು ಎತ್ತಿ, ಎಂಜಿನ್ನಿನ ಬಾಯಿಗೆ ಸಿಕ್ಕಿಸಿದ್ದ ಲಾಳಿಕೆಗೆ ಬಾಗಿಸಿದಳು. ಹೊಸ ಎಣ್ಣೆ ಜೇನಿನ ಬಣ್ಣದ ಹಗ್ಗದ ಹಾಗೆ ಸುರುಳಿ ಸುರುಳಿಯಾಗಿ ಇಳಿಯಿತು. ಅವಳ ಲಾಂಡ್ರಿ ವ್ಯಾನಿನ ಅಡಿಯಿಂದ ಹೊರಗೆ ಕಾಣುತ್ತಿದ್ದದ್ದು ಅತ್ತಿಗೆಯ ಎರಡು ಪಾದಗಳು ಮಾತ್ರ. ಹವಾಯಿ ಚಪ್ಪಲಿ, ಒಂದರ ಪಟ್ಟಿಗೆ ಪಿನ್ನು ಹಾಕಿದೆ. ಆ ಪಾದಗಳನ್ನು ನೋಡುತ್ತಾ ಸುರಿಯುವುದು ಅವಳ ರೂಢಿ. ಎಲ್ಲ ಸರಿಯಾಗಿದ್ದರೆ ಪಾದಗಳು ಸುಮ್ಮನಿರುತ್ತವೆ.

ಈ ಸಲ ಸುಮ್ಮನಿರಲಿಲ್ಲ. ಕ್ಯಾನು ಹೆಚ್ಚುಕಮ್ಮಿ ಖಾಲಿಯಾಗುವ ಹೊತ್ತಿಗೆ ಬಲಪಾದ ಇದ್ದಕ್ಕಿದ್ದ ಹಾಗೆ ಗಾಳಿಯಲ್ಲಿ ಬ್ರೇಕು ತುಳಿಯಿತು. ಇನ್ನೊಮ್ಮೆ ತುಳಿಯಿತು. ಚಪ್ಪಲಿ ಕಳಚಿ ಬಿತ್ತು.

"ನಿಲ್ಲಿಸು," ಎಂದಿತು ವ್ಯಾನಿನ ಅಡಿಯ ದನಿ. "ಏಯ್ ಲಾಂಡ್ರಿ, ನಿಲ್ಲಿಸು. ನೀನು ಮೇಲಿಂದ ಹಾಕಿದ್ದೆಲ್ಲ ಕೆಳಗೆ ನನ್ನ ಮೈಮೇಲೆ ಬರ್ತಿದೆ."

"ಅತ್ತಿಗೆ, ಏನಾಯ್ತು? ನಟ್ಟು ಬಿಗಿ ಮಾಡಿಲ್ವಾ?"

"ನಟ್ಟು ನನ್ನ ಕೈಯಲ್ಲಿದೆ."

ಅತ್ತಿಗೆ ಬೆನ್ನ ಮೇಲೆ ಜಾರುತ್ತಾ ಹೊರಗೆ ಬಂದಳು. ಎಡತೋಳು ಮೊಣಕೈವರೆಗೂ ತೊಯ್ದಿತ್ತು. ಮುಷ್ಟಿ ಬಿಚ್ಚಿ ತೋರಿಸಿದಳು. ಎಣ್ಣೆ ಇಳಿಯುವ ತೂತಿಗೆ ಹಾಕಿ ಬಿಗಿಯಬೇಕಾದ ನಟ್ಟು, ಅದರ ತಾಮ್ರದ ವಾಷರು, ಎರಡೂ ಅಂಗೈಯಲ್ಲಿ ಬೆಚ್ಚಗೆ ಕೂತಿದ್ದವು.

"ಹಾಗಿದ್ರೆ ಎರಡು ಸಲ ಯಾಕೆ ಬಡಿದ್ರಿ?"

"ಬಡಿದ್ನಾ ನಾನು?"

"ಟಕ್, ಟಕ್ ಅಂತ. ಬೀದಿಗೆಲ್ಲ ಕೇಳೋ ಹಾಗೆ."

ಅತ್ತಿಗೆ ಬಲಗೈಯ ಸ್ಪ್ಯಾನರನ್ನು ಅದು ಬೇರೆ ಯಾರದೋ ಎಂಬಂತೆ ನೋಡಿದಳು.

ಇಬ್ಬರೂ ಕುಕ್ಕರುಗಾಲಲ್ಲಿ ಕೂತು ಅಡಿಗೆ ಬಗ್ಗಿದರು. ಹಳೆಯ ಎಣ್ಣೆ ಹಿಡಿಯಲು ಇಟ್ಟಿದ್ದ ಟಬ್ಬು ತುಂಬಿ ಕಲ್ಲುಚಪ್ಪಡಿಯ ಮೇಲೆ ಹರಿದಿತ್ತು. ಟಬ್ಬಿನೊಳಗೆ ಕಪ್ಪಿನ ಮೇಲೆ ಹೊಸದು ಸ್ವಲ್ಪ ಹೊತ್ತು ಬೇರೆಯಾಗಿಯೇ ನಿಂತಿತ್ತು, ಒಂದೇ ಮನೆಯಲ್ಲಿದ್ದೂ ಮಾತು ಬಿಟ್ಟವರ ಹಾಗೆ. ನೋಡುತ್ತಿದ್ದಂತೆ ಅಂಚು ಕರಗಿತು. ಎಲ್ಲ ಒಂದೇ ಬಣ್ಣವಾಯಿತು.

"ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡ ಅಂತಾರಲ್ಲ," ಎಂದಳು ಅತ್ತಿಗೆ. "ಅದು ನಾನೇ. ವಾಷರ್ ನೋಡ್ತಾ ಎಲ್ಲೋ ಇದ್ದೆ. ತೋಳಿಗೆ ತಾಗಿದ್ಮೇಲೇ ಗೊತ್ತಾಗಿದ್ದು."

"ಒಂದು ತುಂಬು ಕ್ಯಾನು ಹೋಯ್ತು."

"ನಿಮ್ಮಣ್ಣ ಇದ್ದಿದ್ರೆ ಜರಡಿ ಹಿಡೀತಿದ್ರು."

ಅವಳಿಗೆ ನಗು ಬಂತು. ನಕ್ಕ ಮೇಲೆ, ಗಾಬರಿಯಲ್ಲಿ ತಾನು ಅತ್ತಿಗೆ ಎಂದು ಕರೆದದ್ದು ನೆನಪಾಗಿ ಬಾಯಿ ಮುಚ್ಚಿಕೊಂಡಳು. ಅಣ್ಣನಿಗೂ ಈ ಹೆಂಗಸಿಗೂ ಕೋರ್ಟಿನಲ್ಲಿ ವಿಚ್ಛೇದನವಾದ ದಿನದಿಂದ ಆ ಪದವನ್ನು ಅವಳು ಆಡಿರಲಿಲ್ಲ. 'ಇಲ್ಲಿ ನೋಡಿ', 'ಕೇಳಿಸ್ತಾ', 'ಒಂದ್ನಿಮಿಷ' ಎನ್ನುತ್ತಲೇ ಇಷ್ಟು ದಿನ ದೂಡಿದ್ದಳು. ಅಣ್ಣನ ಹೆಂಡತಿ ಅತ್ತಿಗೆ. ಅಣ್ಣನ ಹೆಂಡತಿಯಾಗಿದ್ದವಳು ಏನು? ಅದಕ್ಕೆ ಭಾಷೆಯಲ್ಲಿ ಒಂದು ಪದ ಇರಬೇಕಿತ್ತು. ಹುಡುಕಿದರೆ ಸಿಗುವುದು ಒಂದೋ ಬೈಗುಳ, ಇಲ್ಲವೇ ಏನೂ ಇಲ್ಲ.

ಅತ್ತಿಗೆಗೂ ಅದು ಕೇಳಿಸಿತ್ತು.

"ಇನ್ನೂ ಅತ್ತಿಗೆನಾ ನಾನು?"

"ಬಾಯಿಗೆ ಬಂತು, ಏನ್ಮಾಡ್ಲಿ."

"ಬರ್ಲಿ ಬಿಡು. ಕಾರು ಕಲಿಯೋಕೆ ಬರೋರು ಮೇಡಂ ಅಂತಾರೆ. ಮನೆ ಓನರ್ರು ರೀ ಇವ್ರೇ ಅಂತಾರೆ. ಯಾರಾದ್ರೂ ಒಬ್ರು ನೆಟ್ಟಗೆ ಕರೆದ್ರೆ ಕಿವಿಗೇನು ನೋವಾಗಲ್ಲ."

ಅತ್ತಿಗೆ ಎದ್ದು ಹಿತ್ತಲ ಮೂಲೆಯಿಂದ ಮರದ ಹೊಟ್ಟಿನ ಚೀಲ ಎಳೆದು ತಂದಳು. ಚೆಲ್ಲಿದ ಎಣ್ಣೆಯ ಮೇಲೆ ಇಬ್ಬರೂ ಬೊಗಸೆ ಬೊಗಸೆ ಹೊಟ್ಟು ಹರಡಿದರು. ಹೊಟ್ಟು ಕುಡಿಯುತ್ತಾ ಕಪ್ಪಾಯಿತು.

ಡ್ರಮ್ಮು ಅಲ್ಲೇ ಇತ್ತು, ತಗಡಿನ ಮಾಡಿನ ಕೆಳಗೆ, ಒಗೆಯುವ ಕಲ್ಲಿನ ಪಕ್ಕ, ನೀಲಿ ಬಣ್ಣ ಸುಲಿದ ಎದೆಯಳತೆಯ ಡ್ರಮ್ಮು. ಅದನ್ನು ತಂದವನು ಅಣ್ಣ.

ಅಣ್ಣ ಬಸ್ ಡಿಪೋದ ಸ್ಟೋರಿನಲ್ಲಿ ಕೆಲಸ ಮಾಡುವವನು. ಅಲ್ಲಿ ಅವನಿಗೆ ಹನಿರಾಯರು ಎಂಬ ಹೆಸರಿದೆ, ಅವನ ಎದುರಿಗಲ್ಲ. ಮೆಕ್ಯಾನಿಕ್ಕುಗಳು ಖಾಲಿಯೆಂದು ಎಸೆದ ಎಣ್ಣೆಯ ಡಬ್ಬಗಳನ್ನು ಅವನು ಕೇಳಿ ಮನೆಗೆ ತರುತ್ತಿದ್ದ. ಹಲಗೆಯೊಂದಕ್ಕೆ ಸಾಲಾಗಿ ತೂತು ಕೊರೆದು, ಡಬ್ಬಗಳನ್ನು ಅದರಲ್ಲಿ ಬೋರಲು ಸಿಕ್ಕಿಸಿ, ಕೆಳಗೆ ಲಾಳಿಕೆ ಇಟ್ಟು, ಒಳಮೈಗೆ ಅಂಟಿಕೊಂಡಿದ್ದನ್ನೂ ಇಳಿಸುತ್ತಿದ್ದ. ಖಾಲಿ ಅನ್ನೋದು ಅವಸರದವರ ಮಾತು, ಎನ್ನುತ್ತಿದ್ದ. ಹನಿ ಹನಿ ಸೇರಿದರೆ ಹಳ್ಳ ಎಂದು ಎಲ್ಲರೂ ಹೇಳುತ್ತಾರೆ; ಹಳ್ಳ ಆಗುವವರೆಗೆ ಎದುರಿಗೆ ಕೂತು ನೋಡಿದವನು ಅಣ್ಣ ಒಬ್ಬನೇ ಇರಬೇಕು.

ಲಾರಿ ಕಂಪನಿಯೊಂದು ಬಾಗಿಲು ಹಾಕಿದಾಗ ಸೀಲು ಒಡೆಯದ ಈ ಡ್ರಮ್ಮು ಅವನ ಕಣ್ಣಿಗೆ ಬಿತ್ತು. ಹೆಂಡತಿಯ ಕಾರಿಗೂ ತಂಗಿಯ ವ್ಯಾನಿಗೂ ಅದೇ ಎಣ್ಣೆ ಆಗುತ್ತದೆಂದು ಡಿಪೋದ ಹಿರಿಯ ಮೆಕ್ಯಾನಿಕ್ಕಿನಿಂದ ಖಾತ್ರಿ ಮಾಡಿಕೊಂಡು, ಕೈಗಾಡಿಯಲ್ಲಿ ತಂದು ಇಳಿಸಿದ. "ಡಬ್ಬ ಡಬ್ಬ ಕೊಂಡ್ರೆ ಡಬ್ಬಕ್ಕೂ ದುಡ್ಡು, ಅದರ ಮೇಲಿನ ಚಿತ್ರಕ್ಕೂ ದುಡ್ಡು. ಡ್ರಮ್ಮಲ್ಲಿ ಕೊಂಡ್ರೆ ಎಣ್ಣೆಗೆ ಮಾತ್ರ. ಗ್ಯಾರೇಜಿಗೆ ಬಿಟ್ರೆ ಅವನು ಕೈ ಒರೆಸೋ ಬಟ್ಟೆಗೂ ಬಿಲ್ಲು ಹಾಕ್ತಾನೆ. ಮನೇಲೇ ಬದಲಾಯಿಸ್ಕೊಳ್ಳಿ," ಎಂದ.

ಬದಲಾಯಿಸಿಕೊಳ್ಳಿ ಎಂದನೇ ಹೊರತು ಬದಲಾಯಿಸೋಣ ಎನ್ನಲಿಲ್ಲ. ಉಳಿಸುವ ಕೆಲಸ ಅವನದು, ಗಾಡಿಯ ಕೆಳಗೆ ನುಗ್ಗುವ ಕೆಲಸ ಹೆಂಗಸರದು. ಅತ್ತಿಗೆ ಡ್ರೈವಿಂಗ್ ಕಲಿಸುವವಳು, ಕಾರು ಅವಳ ಅನ್ನ. ತಂಗಿ ಆಸ್ಪತ್ರೆ, ಹೋಟೆಲುಗಳ ಹೊದಿಕೆ ದಿಂಬುಗವಸು ಸಾಗಿಸುವ ಲಾಂಡ್ರಿಯವಳು, ವ್ಯಾನು ಅವಳ ಅನ್ನ. ಇಬ್ಬರಿಗೂ ಎಂಜಿನ್ನು ಎಂದರೆ ಮುಚ್ಚಳ ಹಾಕಿದ ಪೆಟ್ಟಿಗೆಯಾಗಿತ್ತು. ಮೊದಲ ಸಲ ಎಣ್ಣೆ ಬದಲಾಯಿಸಿದ ದಿನ ಎಂಜಿನ್ನಿಗೆ ಹೋದದ್ದಕ್ಕಿಂತ ಕೂದಲಿಗೆ ಹೋದದ್ದೇ ಹೆಚ್ಚು. ಆಮೇಲೆ ಕೈ ಪಳಗಿತು. ಎಂಜಿನ್ನನ್ನು ಸ್ವಲ್ಪ ಬೆಚ್ಚಗೆ ಮಾಡಿಕೊಂಡರೆ ಹಳೆ ಎಣ್ಣೆ ಸಲೀಸಾಗಿ ಇಳಿಯುತ್ತದೆ, ನಟ್ಟನ್ನು ಕೊನೆಯಲ್ಲಿ ಒಂದು ಕಾಲು ಸುತ್ತು ಮಾತ್ರ ಬಿಗಿಯಬೇಕು, ಹೆಚ್ಚಾದರೆ ತಿರುಪಿನ ಮರೆ ಸವೆದು ಹೋಗುತ್ತದೆ, ಎಂಬುದೆಲ್ಲ ಬೆರಳಿಗೇ ಗೊತ್ತಾಯಿತು.

ಏಟಿನ ಭಾಷೆ ಹುಟ್ಟಿದ್ದು ಅಣ್ಣನಿಂದಾಗಿಯೇ. ಅವನು ರಾತ್ರಿ ಪಾಳಿ ಮುಗಿಸಿ ಹಿತ್ತಲ ಪಕ್ಕದ ಕೋಣೆಯಲ್ಲಿ ಮಲಗಿರುತ್ತಿದ್ದ. ಕೆಳಗಿದ್ದವಳು ಮೇಲಿದ್ದವಳನ್ನು ಕೂಗುವ ಹಾಗಿರಲಿಲ್ಲ. ಸ್ಪ್ಯಾನರಿನಿಂದ ಒಂದು ಏಟು: ಹಳೆಯದು ಪೂರಾ ಇಳಿಯಿತು. ಎರಡು ಏಟು: ನಟ್ಟು ಬಿಗಿಯಿತು, ಸುರಿ. ಮೂರು ಏಟು: ಟೀ ಇಡು. ಕೂಗಿದರೆ ಎಚ್ಚರವಾಗುವ ಅಣ್ಣನಿಗೆ ಕಬ್ಬಿಣದ ಸದ್ದಿಗೆ ಎಂದೂ ಎಚ್ಚರವಾಗುತ್ತಿರಲಿಲ್ಲ, ಡಿಪೋದವನಲ್ಲವೇ.

ಇನ್ನೊಂದು ಗುಟ್ಟೂ ಇತ್ತು. ಫಿಲ್ಟರನ್ನು ಎರಡು ಸಲಕ್ಕೊಮ್ಮೆ ಬದಲಾಯಿಸಿದರೆ ಸಾಕೆಂದು ಅಣ್ಣನ ಕಾನೂನು. ಇವರಿಬ್ಬರೂ ಪ್ರತಿ ಸಲವೂ ಹೊಸದು ಹಾಕುತ್ತಿದ್ದರು. ಹಳೆಯದನ್ನು ಹಾಸಿಗೆ ಹೊದಿಕೆಯಲ್ಲಿ ಸುತ್ತಿ ವ್ಯಾನಿನಲ್ಲಿ ಸಾಗಿಸುವುದು ಅವಳ ಪಾಲಿನ ಕಳ್ಳಸಾಗಣೆ. "ಇವರು ಎಣ್ಣೇಲಿ ಉಳಿಸಿದ್ದನ್ನ ನಾವು ಫಿಲ್ಟರಲ್ಲಿ ಕಳೀತಿದ್ದೀವಿ, ಲಾಂಡ್ರಿ," ಎಂದು ಅತ್ತಿಗೆ ಸೆರಗಿನಲ್ಲಿ ಬಾಯಿ ಒತ್ತಿಕೊಂಡು ನಗುತ್ತಿದ್ದಳು. ಒಂದೇ ಕುಟುಂಬದ ಇಬ್ಬರು ಹೆಂಗಸರು ಹತ್ತಿರವಾಗುವುದಕ್ಕೆ ಆ ಕುಟುಂಬದ ಗಂಡಸಿಗೆ ಗೊತ್ತಿಲ್ಲದ ಒಂದು ಸಣ್ಣ ವಿಷಯ ಸಾಕು. ಅತ್ತಿಗೆ ನಾದಿನಿ ಎಂದರೆ ಹಾವು ಮುಂಗುಸಿ ಎಂದು ಹೇಳುವವರು ಜೊತೆಯಲ್ಲಿ ಎಣ್ಣೆ ಬದಲಾಯಿಸಿದವರಲ್ಲ.

ಆಮೇಲೆ ಅದು ಆಯಿತು. ಅಣ್ಣ ಒಂದು ಸೂಟ್‌ಕೇಸು ಮತ್ತು ತೂತು ಕೊರೆದ ಹಲಗೆಯೊಂದಿಗೆ ತಂಗಿಯ ಮನೆಯ ಮುಂದಿನ ಕೋಣೆಗೆ ಬಂದ. ಡ್ರಮ್ಮು ಎತ್ತಲಾರದಷ್ಟು ಭಾರವಿತ್ತು, ಅಲ್ಲೇ ಉಳಿಯಿತು. ಎಣ್ಣೆ ಅಲ್ಲಿದ್ದುದರಿಂದ ಅವಳೂ ಅಲ್ಲಿಗೆ ಹೋಗುತ್ತಾ ಬಂದಳು. ಯಾರೂ ಏನೂ ಕೇಳಲಿಲ್ಲ. ವ್ಯಾನಿಗೆ ಎಣ್ಣೆ ಬೇಕು, ಎಣ್ಣೆ ಅಲ್ಲಿದೆ, ಮುಗಿಯಿತು. ಇಷ್ಟು ಸರಳವಾದ ಕಾರಣ ಇರುವವರೆಗೆ ಬೇರೆ ಕಾರಣ ಹೇಳಬೇಕಾಗಿರಲಿಲ್ಲ, ತನಗೆ ತಾನೂ.

ಇವತ್ತು ಬೆಳಿಗ್ಗೆ ಅವಳು ಹೊರಡುವಾಗ ಅಣ್ಣ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ದಾರ ಪೋಣಿಸಿದ ನಾಲ್ಕು ಖಾಲಿ ಕ್ಯಾನು. ತೊಳೆದು, ಬಿಸಿಲಲ್ಲಿ ಒಣಗಿಸಿ, ಕಡ್ಡಿಗೆ ಬಟ್ಟೆ ಸುತ್ತಿ ಒಳಗೆಲ್ಲ ಒರೆಸಿದ್ದ.

"ನೀರಿನ ಒಂದು ತೊಟ್ಟು ಇರಬಾರದು ನೋಡು," ಎಂದ. "ಅರ್ಧ ನಮ್ಮದು. ತುಂಬಿಸ್ಕೊಂಡು ಬಾ."

"ಈಗ್ಯಾಕಣ್ಣ? ಇದ್ದಲ್ಲಿ ಇರ್ಲಿ. ಬೇಕಾದಾಗ ಹೋಗಿ ಹಾಕ್ಕೊಂಡು ಬರ್ತೀನಲ್ಲ."

"ಅದೇ ಬೇಡ ಅನ್ನೋದು." ಅಣ್ಣ ಒಂದು ಮುಚ್ಚಳ ಬಿಚ್ಚಿ ಮತ್ತೆ ಹಾಕಿದ. "ಎಣ್ಣೆ ಇಲ್ಲಿಗೆ ಬಂದ್ರೆ ನೀನು ಅಲ್ಲಿಗೆ ಹೋಗೋ ಕೆಲಸ ಇರಲ್ಲ. ನನಗೆ ಸಂಬಂಧ ಇಲ್ಲದ ಮನೆಗೆ ನನ್ನ ತಂಗಿ ಹೋಗ್ತಾ ಬರ್ತಾ ಇದ್ರೆ ನೋಡಿದೋರು ಏನಂತಾರೆ?"

"ಎಣ್ಣೆ ಬದಲಾಯಿಸ್ತಾಳೆ ಅಂತಾರೆ."

ಅಣ್ಣ ನಗಲಿಲ್ಲ. ಸ್ವಲ್ಪ ಹೊತ್ತು ಕ್ಯಾನುಗಳ ದಾರ ಬಿಗಿ ಮಾಡಿದ. "ಇಲ್ಲೇ ಮಾಡ್ಕೊಳ್ಳೋಣ. ಕೆಳಗೆ ಬೇಕಾದ್ರೆ ನಾನೇ ಮಲಗ್ತೀನಿ," ಎಂದ.

ಅಂಗಿಯ ಕಾಲರಿಗೆ ಬೆವರು ತಾಗದಿರಲೆಂದು ಕರವಸ್ತ್ರ ಇಟ್ಟುಕೊಳ್ಳುವ ಮನುಷ್ಯ ವ್ಯಾನಿನ ಅಡಿಗೆ ಹೋಗುತ್ತೇನೆ ಎನ್ನುತ್ತಿದ್ದಾನೆ. ಅವನಿಗೆ ಕೊಡಲು ಅದಕ್ಕಿಂತ ದೊಡ್ಡದು ಇರಲಿಲ್ಲ. ಹೂಂ ಎಂದು ಕ್ಯಾನುಗಳನ್ನು ಇಸಿದುಕೊಂಡಳು. ಗಾಡಿ ಶುರುವಾದ ಮೇಲೂ ಅವನು ಕಿಟಕಿಯ ಹತ್ತಿರ ಬಂದ. "ಡ್ರಮ್ಮು ತಳ ಕಂಡ್ತು ಅಂದ್ರೆ ನಂಬಬೇಡ. ಹಿಂದಕ್ಕೆ ಇಟ್ಟಿಗೆ ಕೊಟ್ಟು ಓರೆ ಮಾಡು. ಇನ್ನೂ ಬರುತ್ತೆ."

ಕ್ಯಾನುಗಳನ್ನು ಅವಳು ವ್ಯಾನಿನ ಹಿಂಭಾಗದಲ್ಲಿ ಮೈಲಿಗೆ ಬಟ್ಟೆಯ ಗಂಟುಗಳ ನಡುವೆ ತುರುಕಿದ್ದಳು. ಕೆಲಸ ಮುಗಿದು, ಟೀ ಕುಡಿದು, ಹೊರಡುವ ಹೊತ್ತಿಗೆ ಹೇಳಿದರಾಯಿತು ಎಂದುಕೊಂಡಿದ್ದಳು. ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿ, ಯಾವ ವಾಕ್ಯವೂ ಮೊದಲ ತಿರುವು ದಾಟಿರಲಿಲ್ಲ.

ಅತ್ತಿಗೆ ಮತ್ತೆ ಅಡಿಗೆ ಜಾರಿದಳು. ಈ ಸಲ ಇಬ್ಬರೂ ಏಟಿನ ಭಾಷೆ ನಂಬಲಿಲ್ಲ, ಬಾಯಲ್ಲೇ ಮಾತಾಡಿದರು.

"ವಾಷರ್ ಹಾಕಿದೆ."

"ಹೂಂ."

"ನಟ್ಟು ಹಾಕಿದೆ. ಬಿಗಿ ಮಾಡ್ತಿದೀನಿ. ಕಾಲು ಸುತ್ತು. ಆಯ್ತು."

"ಆಯ್ತಾ?"

"ಆಯ್ತು ಕಣೇ. ಬೇಕಾದ್ರೆ ಬರೆದು ಕೊಡ್ಲಾ?"

ಅವಳು ಖಾಲಿಯಾದ ಕ್ಯಾನು ಹಿಡಿದು ಡ್ರಮ್ಮಿನ ಹತ್ತಿರ ಹೋದಳು. ನಲ್ಲಿ ತಿರುಗಿಸಿದಳು. ಎಣ್ಣೆ ಬಂತು, ಮೊದಲಿನ ಧಾರೆಯಲ್ಲ, ತೆಳ್ಳಗೆ, ಯೋಚಿಸಿ ಯೋಚಿಸಿ ಬರುವ ಹಾಗೆ. ಓರೆ ಮಾಡೋಣವೆಂದು ಡ್ರಮ್ಮಿನ ಹಿಂದೆ ಕೈ ಹಾಕಿದರೆ ಬೆರಳಿಗೆ ಇಟ್ಟಿಗೆ ತಾಗಿತು. ಮೊದಲೇ ಇಟ್ಟಿತ್ತು.

"ಇಟ್ಟಿಗೆ ಕೊಟ್ಟಿದೀರಾ ಆಗ್ಲೇ."

"ಕೊಡದೆ?" ಅತ್ತಿಗೆಯ ದನಿ ಅಡಿಯಿಂದ ಬಂತು. "ಗಂಡನ್ನ ಬಿಟ್ರೂ ಗಂಡನ ಬುದ್ಧಿ ಬಿಡಲ್ಲ. ಮೊನ್ನೆ ಶಾಂಪೂ ಬಾಟ್ಲಿ ಬೋರಲು ನಿಲ್ಲಿಸಿದ್ದೆ. ನಿಲ್ಲಿಸಿ ಆದ್ಮೇಲೆ ನನಗೇ ನಾಚಿಕೆ ಆಯ್ತು. ಆದ್ರೂ ತೆಗೀಲಿಲ್ಲ."

"ನಮ್ಮನೇಲಿ ಸೋಪಿನ ಚೂರೆಲ್ಲ ಹೊಸ ಸೋಪಿನ ಬೆನ್ನಿಗೆ ಕೂತಿವೆ. ಮೈ ಉಜ್ಜಿಕೊಂಡ್ರೆ ಬೆನ್ನ ಮೇಲೆ ಬೆಟ್ಟ ಹತ್ತಿ ಇಳಿದ ಹಾಗಾಗುತ್ತೆ."

ಅತ್ತಿಗೆ ನಕ್ಕಳು. ಪಾದಗಳೂ ನಕ್ಕವು.

ಕ್ಯಾನು ತುಂಬಲು ಹೊತ್ತು ಹಿಡಿಯಿತು. ತಂದು, ಈ ಸಲ ಒಂದು ಲೋಟದಷ್ಟು ಮಾತ್ರ ಸುರಿದು, ಬಗ್ಗಿ ನೋಡಿ, ಕೆಳಗೆ ಒಂದು ತೊಟ್ಟೂ ಬಾರದ ಮೇಲೆ ಉಳಿದದ್ದನ್ನು ಸುರಿದಳು. ಅಳತೆಯ ಕಡ್ಡಿ ಎಳೆದು, ಒರೆಸಿ, ಮತ್ತೆ ಹಾಕಿ ಎಳೆದಳು. ಎಣ್ಣೆ ಮೇಲಿನ ಗೀಟಿಗೆ ಸರಿಯಾಗಿ ನಿಂತಿತ್ತು. ಅತ್ತಿಗೆ ಅಡಿಯಿಂದ ಹೊರಬಂದ ಮೇಲೆ ಎಂಜಿನ್ನು ಹಚ್ಚಿದಳು. ವ್ಯಾನು ಹೊಟ್ಟೆ ತುಂಬಿದವರ ಹಾಗೆ ಗುರುಗುಟ್ಟಿತು. ಅದನ್ನು ಕೇಳುತ್ತಾ ನಿಲ್ಲುವುದು ಇಬ್ಬರಿಗೂ ಇಷ್ಟ. ನಿಂತರು. ಆಮೇಲೆ ಅವಳು ಆರಿಸಿದಳು.

ಅತ್ತಿಗೆ ಒಗೆಯುವ ಕಲ್ಲಿನ ಮೇಲೆ ಕೂತು ತೋಳನ್ನು ಹಳೆ ಬಟ್ಟೆಯಿಂದ ಒರೆಸತೊಡಗಿದಳು. ತಲೆ ಎತ್ತಲಿಲ್ಲ.

"ಯಾಕೆ ಬಡಿದೆ ಅಂತ ಗೊತ್ತಾಯ್ತು," ಎಂದಳು.

"ಯಾಕೆ?"

"ನನಗೆ ಅಭ್ಯಾಸ. ಏನಾದ್ರೂ ತಲೇಲಿ ಓಡ್ತಿದ್ರೆ ಕೈಯಲ್ಲಿದ್ದದ್ದನ್ನ ಬಡೀತಿರ್ತೀನಿ. ಕಾರು ಕಲಿಯೋಕೆ ಬರೋ ಮೇಷ್ಟ್ರು ಹೇಳ್ತಾರೆ, ಮೇಡಂ ನೀವು ಡ್ಯಾಶ್‌ಬೋರ್ಡ್ ಬಡಿದ್ರೆ ನನಗೆ ಹೆದರಿಕೆ ಆಗುತ್ತೆ, ನಾನು ಕಣ್ಣು ಮುಚ್ಕೋತೀನಿ ಅಂತ. ತಿರುವಲ್ಲಿ ನೋಡು, ತಿರುವಲ್ಲಿ ಕಣ್ಣು ಮುಚ್ಚೋದು."

"ತಲೇಲಿ ಏನು ಓಡ್ತಿತ್ತು?"

ಅತ್ತಿಗೆ ಬಟ್ಟೆಯನ್ನು ಮಡಿಸಿದಳು, ಒರೆಸಿ ಕಪ್ಪಾದ ಭಾಗ ಒಳಗೆ ಬರುವ ಹಾಗೆ.

"ಟಬ್ಬು ತೆಗೆಯೋಕೆ ವ್ಯಾನಿನ ಹಿಂದಿನ ಬಾಗಿಲು ತೆಗೆದ್ನಲ್ಲ. ಗಂಟಿನ ಸಂದೀಲಿ ನಾಲ್ಕು ಕ್ಯಾನು. ನಿನ್ನವೇ ಆಗಿದ್ರೆ ನೀನು ಹಾಗೇ ಎಸೆದಿರ್ತಿದ್ದೆ. ದಾರ ಪೋಣಿಸಿ, ಮುಚ್ಚಳ ಎಲ್ಲ ಒಂದೇ ಕಡೆ ತಿರುಗಿಸಿ ಇಟ್ಟಿತ್ತು. ಯಾರ ಕೈ ಅಂತ ಗೊತ್ತಾಗಲ್ವಾ ನನಗೆ."

ಅವಳು ವ್ಯಾನಿಗೆ ಒರಗಿ ನಿಂತಳು. ಕಬ್ಬಿಣ ಬೆಚ್ಚಗಿತ್ತು.

"ಹೊರಡುವಾಗ ಹೇಳೋಣ ಅಂತಿದ್ದೆ."

"ಏನಂತ?"

"ಅರ್ಧ ತುಂಬಿಸ್ಕೊಂಡು ಬಾ ಅಂದ. ಇನ್ಮೇಲೆ ಅಲ್ಲೇ ಮಾಡ್ಕೊಳ್ಳೋಣ ಅಂದ. ತಾನೇ ಕೆಳಗೆ ಮಲಗ್ತಾನಂತೆ."

"ಅವರಾ?"

"ಹೂಂ."

ಅತ್ತಿಗೆಯ ಮುಖದಲ್ಲಿ ನಗು ಅರ್ಧ ಬಂದು ನಿಂತಿತು. ಬೇರೆ ಏನೋ ಅದರ ಜಾಗಕ್ಕೆ ಬಂತು.

"ಹಾಗಾದ್ರೆ ನಿಜವಾಗ್ಲೂ ಬೇಡವಾಗಿದೆ ಅವರಿಗೆ," ಎಂದಳು, "ನೀನು ಇಲ್ಲಿಗೆ ಬರೋದು."

ಗೋಡೆಯಾಚೆ ಯಾರದೋ ಮನೆಯ ನಲ್ಲಿ ಬಕೀಟಿಗೆ ಬೀಳುತ್ತಿತ್ತು. ತುಂಬಿದ ಸದ್ದಾಯಿತು, ಯಾರೋ ನಿಲ್ಲಿಸಿದರು.

"ನೀನು ಒಂದು ಸಲಾನೂ ಕೇಳ್ಲಿಲ್ಲ, ಯಾಕೆ ಬಿಟ್ರಿ ಅಂತ."

"ಕೇಳಿದ್ರೆ ಯಾರ ಕಡೆ ಅಂತ ಆಗುತ್ತೆ. ಅವನು ನನ್ನ ಅಣ್ಣ."

"ಅಣ್ಣನೇ. ಕೆಟ್ಟೋರಲ್ಲ ಅವರು. ಕೈ ಎತ್ತಿಲ್ಲ, ದನಿ ಎತ್ತಿಲ್ಲ. ಒಂದಿನ ಊಟಕ್ಕೆ ಕೂತಾಗ ಕೇಳಿದೆ, ಇಷ್ಟೆಲ್ಲ ಉಳಿಸ್ತೀವಲ್ಲ, ಯಾವುದಕ್ಕೆ ಅಂತ. ಜಗಳಕ್ಕಲ್ಲ, ಸುಮ್ನೆ. ಎಲ್ಲಾದ್ರೂ ಹೋಗಿ ಬರೋಣ ಅಂತಾರೇನೋ, ಒಂದು ಕಿಟಕಿ ಇರೋ ಅಡುಗೆಮನೆ ಮಾಡೋಣ ಅಂತಾರೇನೋ ಅಂತ. ಅವರಿಗೆ ಪ್ರಶ್ನೆನೇ ಅರ್ಥ ಆಗ್ಲಿಲ್ಲ. ಉಳೀಲಿ ಅಂತ ಉಳಿಸೋದು ಅಂದ್ರು."

"ಅಷ್ಟಕ್ಕೇನಾ?"

"ಅಷ್ಟಕ್ಕೇ. ಬೋರಲು ಸಿಕ್ಕಿಸಿದ ಡಬ್ಬ ನೋಡಿದೀಯಲ್ಲ, ನಾನೂ ಹಾಗೇ. ಇನ್ನೇನಿಲ್ಲ ನನ್ನ ಹತ್ರ ಅಂದ್ರೂ ನಾಳೆವರೆಗೂ ನೋಡೋಣ ಅಂತಿದ್ರು. ಪಾಪ, ಪ್ರೀತಿಯಿಂದಾನೇ."

ಅವಳಿಗೆ ತನ್ನ ಮನೆಯ ಮುಂದಿನ ಕೋಣೆ ಕಣ್ಣಿಗೆ ಬಂತು. ಗೋಡೆಗೆ ಒರಗಿಸಿದ ಹಲಗೆ, ಅದರ ಮುಂದೆ ಮೊಣಕಾಲ ಮೇಲೆ ಕೈಯಿಟ್ಟು ಕೂತ ಅಣ್ಣ. ಹನಿಯೊಂದು ಡಬ್ಬದ ಬಾಯಲ್ಲಿ ದಪ್ಪಗಾಗುತ್ತಾ, ಬೀಳುತ್ತೇನೆಂದು ಹೆದರಿಸುತ್ತಾ, ಬೀಳದೆ. ಅವನ ಮೇಲೆ ಸಿಟ್ಟು ಬರಬೇಕೆಂದು ಅವಳು ಹಲವು ಸಲ ಪ್ರಯತ್ನಿಸಿದ್ದಳು. ಬಂದಿರಲಿಲ್ಲ. ಅವನ ಪರವಾಗಿ ಅತ್ತಿಗೆಯ ಮೇಲೆ ಬರಬೇಕೆಂದೂ ಪ್ರಯತ್ನಿಸಿದ್ದಳು. ಅದೂ ಬಂದಿರಲಿಲ್ಲ. ತಾನು ಅಷ್ಟು ದೊಡ್ಡ ಮನಸ್ಸಿನವಳೆಂದು ಅವಳಿಗೆ ಅನಿಸಿರಲಿಲ್ಲ. ತೀರ್ಮಾನ ಮಾಡದೆ ಇರಲು ಡ್ರಮ್ಮು ಒಂದು ನೆಪ ಕೊಟ್ಟಿತ್ತು, ಅಷ್ಟೇ. ಇವತ್ತು ಡ್ರಮ್ಮೂ ತಳ ಕಾಣುತ್ತಿದೆ.

ಅತ್ತಿಗೆ ಎದ್ದಳು. ವ್ಯಾನಿನ ಹಿಂದಿನ ಬಾಗಿಲು ತೆಗೆದು ನಾಲ್ಕು ಕ್ಯಾನುಗಳನ್ನು ತಂದಳು. ದಾರವನ್ನು ಕತ್ತರಿಸಲಿಲ್ಲ, ಗಂಟು ಬಿಚ್ಚಿ ಸುತ್ತಿ ಪಕ್ಕಕ್ಕಿಟ್ಟಳು. ಒಂದು ಕ್ಯಾನನ್ನು ನಲ್ಲಿಗೆ ಹಿಡಿದು ಮೊಣಕಾಲೂರಿ ಕೂತಳು.

"ಏನ್ ಮಾಡ್ತಿದೀರಾ?"

"ಬಂದ ಕೆಲಸ ಮಾಡಬೇಕಲ್ಲ."

ಮೊದಲ ಕ್ಯಾನು ತುಂಬಿತು. ಎರಡನೆಯದಕ್ಕೆ ಅತ್ತಿಗೆ ಇನ್ನೊಂದು ಇಟ್ಟಿಗೆ ಕೇಳಿದಳು. ಅವಳು ತಂದು ಕೊಟ್ಟಳು, ಕೊಟ್ಟ ಮೇಲೆ ಯಾಕೆ ಕೊಟ್ಟೆ ಎಂದುಕೊಂಡಳು. ಡ್ರಮ್ಮು ಮುಂದಕ್ಕೆ ವಾಲಿ, ಮುದುಕರು ಕಿವಿಗೊಟ್ಟು ಕೇಳುವ ಹಾಗೆ ನಿಂತಿತು. ಎರಡನೆಯದು ಮುಕ್ಕಾಲು ತುಂಬುವ ಹೊತ್ತಿಗೆ ಧಾರೆ ಹನಿಯಾಯಿತು. ಅತ್ತಿಗೆ ಕಾದಳು. ಹನಿ ಹನಿಯಾಗಿ ಬೀಳುವುದನ್ನು ಇಬ್ಬರೂ ನೋಡುತ್ತಾ ಕೂತರು. ಅಣ್ಣ ಅಲ್ಲಿದ್ದಿದ್ದರೆ ಹೀಗೆಯೇ ಕೂತಿರುತ್ತಿದ್ದ.

"ಎರಡೇ ಕ್ಯಾನು," ಎಂದಳು ಅವಳು. "ನಾಲ್ಕು ಯಾಕೆ ಕೊಟ್ನೋ."

"ಅವರ ಲೆಕ್ಕದಲ್ಲಿ ಅರ್ಧಾನೇ ನಾಲ್ಕು ಆಗ್ಬೇಕಿತ್ತು. ನಾವು ಇವತ್ತು ಚೆಲ್ಲಿದ್ವಿ. ಅದಕ್ಕೂ ಮುಂಚೆ ಎಷ್ಟು ಸಲ ಚೆಲ್ಲಿದ್ವೋ." ಅತ್ತಿಗೆ ನಲ್ಲಿ ಮುಚ್ಚಿದಳು. "ಎರಡೂ ಅವರಿಗೆ."

"ಅರ್ಧ ಅಂದಿದ್ದು ಅವನು."

"ಇವತ್ತು ಚೆಲ್ಲಿದ್ದು ನನ್ನ ಕೈ. ಅದು ನನ್ನ ಪಾಲಿಗೆ ಹಾಕು. ಸರಿಹೋಯ್ತು."

"ನಿಮ್ಮ ಕಾರಿಗೆ? ನೀವೇ ಹೇಳಿದ್ರಿ, ಬದಲಾಯಿಸೋ ಹೊತ್ತಾಯ್ತು ಅಂತ."

"ಗ್ಯಾರೇಜಿಗೆ ಬಿಡ್ತೀನಿ."

"ಅವನು ಕೈ ಒರೆಸೋ ಬಟ್ಟೆಗೂ ಬಿಲ್ಲು ಹಾಕ್ತಾನೆ."

"ಹಾಕ್ಲಿ. ಯಾರಾದ್ರೂ ನನ್ನ ಕಾರಿನ ಕೆಳಗೆ ಮಲಗಿ ನಾನು ಕುರ್ಚೀಲಿ ಕೂತು ನೋಡೋದು ಹೇಗಿರುತ್ತೆ, ಅದನ್ನೂ ನೋಡ್ಬಿಡೋಣ."

ಅತ್ತಿಗೆ ಮುಚ್ಚಳ ಬಿಗಿದಳು. ಕೊನೆಯಲ್ಲಿ ಕಾಲು ಸುತ್ತು. ಎರಡೂ ಕ್ಯಾನುಗಳ ಹೊರಮೈ ಒರೆಸಿದಳು. ಖಾಲಿ ಉಳಿದ ಎರಡನ್ನು ಮತ್ತೆ ದಾರಕ್ಕೆ ಪೋಣಿಸಿ, ಮುಚ್ಚಳಗಳನ್ನು ಒಂದೇ ಕಡೆಗೆ ತಿರುಗಿಸಿ ವ್ಯಾನಿನಲ್ಲಿಟ್ಟು ಬಂದಳು. ಡ್ರಮ್ಮನ್ನು ಅಂಗೈಯಲ್ಲಿ ಒಮ್ಮೆ ತಟ್ಟಿದಳು. ಅದು ಗುಡಿಸಿ ಖಾಲಿ ಮಾಡಿದ ಮನೆಯ ಹಾಗೆ ಮೊಳಗಿತು.

"ಇದನ್ನ ಗುಜರಿಯವನಿಗೆ ಹಾಕ್ತೀನಿ. ಟಬ್ಬಿನ ಎಣ್ಣೆ ಮೂಲೆ ಗ್ಯಾರೇಜಿನವನಿಗೆ ನಾನೇ ಒಯ್ದು ಕೊಡ್ತೀನಿ, ಅವನ ಹತ್ರ ಹಳೆ ಎಣ್ಣೆ ಒಯ್ಯೋರು ಬರ್ತಾರೆ. ನಿನಗೆ ಇನ್ನು ಇಲ್ಲೇನೂ ಕೆಲಸ ಉಳೀಲಿಲ್ಲ ನೋಡು." ಇಷ್ಟು ಹೇಳುವಾಗ ಅವಳ ದನಿ ಕಲಿಯುವವರಿಗೆ ಹೇಳುವ ದನಿಯಾಗಿತ್ತು: ಕನ್ನಡಿ ನೋಡು, ಕ್ಲಚ್ಚು ಬಿಡು, ಹೋಗು. "ಒಂದು ಮಾತು ಹೇಳು ನಿಮ್ಮಣ್ಣಂಗೆ. ಫಿಲ್ಟರ್ ಪ್ರತಿ ಸಲಾನೂ ಬದಲಾಯಿಸ್ಬೇಕು ಅಂತ. ನಾನು ಹೇಳಿದೆ ಅನ್ಬೇಡ."

"ಏಟು ಅವನಿಗೆ ಗೊತ್ತಿಲ್ಲ," ಎಂದಳು ಅವಳು.

"ಯಾವ ಏಟು?"

"ಒಂದು, ಎರಡು, ಮೂರು."

"ಕಲಿಸು. ಡಿಪೋದೋರು, ಬೇಗ ಕಲೀತಾರೆ."

ಅವಳು ವ್ಯಾನಿನ ಅಡಿಯಲ್ಲಿ ಅಣ್ಣನ ಪಾದಗಳನ್ನು ಕಲ್ಪಿಸಿಕೊಳ್ಳಲು ನೋಡಿದಳು. ಪಾಲಿಷ್ ಮಾಡಿದ ಶೂ, ಎಳೆದ ಕಾಲುಚೀಲ, ಅಲುಗಾಡದೆ ನೆಟ್ಟಗೆ. ಅವನು ಚೆಲ್ಲುವುದಿಲ್ಲ. ಎರಡು ಏಟು ಎಂದರೆ ಎರಡೇ ಏಟು, ಯೋಚನೆಯ ಏಟು ಅವನ ಕೈಯಿಂದ ಬೀಳುವುದಿಲ್ಲ. ಎಣ್ಣೆ ಒಂದು ತೊಟ್ಟೂ ನಷ್ಟವಾಗದೆ ಬದಲಾಗುತ್ತಾ ಹೋಗುತ್ತದೆ. ಮೂರು ಏಟಿಗೆ ಅವಳು ಒಳಗೆ ಹೋಗಿ ಟೀ ಇಡುತ್ತಾಳೆ, ಹಾಲು ಅಳೆದು. ಅಷ್ಟು ಹೊತ್ತಿಗೆ ಇಲ್ಲಿ ಈ ಹಿತ್ತಲಲ್ಲಿ ಡ್ರಮ್ಮು ನಿಂತಿದ್ದ ಜಾಗದಲ್ಲಿ ಒಂದು ದುಂಡನೆಯ ಕಲೆ ಇರುತ್ತದೆ. ಅತ್ತಿಗೆ ಅದರ ಮೇಲೆ ಬಟ್ಟೆಯ ಬುಟ್ಟಿ ಇಟ್ಟಿರುತ್ತಾಳೆ. ದಾರಿಯಲ್ಲಿ ಎದುರಾದರೆ ಕಾರಿನ ಕಿಟಕಿಯಿಂದ ಕೈ ಎತ್ತುತ್ತಾಳೆ, ಪಕ್ಕದಲ್ಲಿ ಕಣ್ಣು ಮುಚ್ಚಿದ ಮೇಷ್ಟ್ರು. ತಾನೂ ಕೈ ಎತ್ತುತ್ತಾಳೆ. ಇಬ್ಬರೂ ಒಬ್ಬರನ್ನೊಬ್ಬರು ಏನೆಂದೂ ಕರೆಯಬೇಕಾಗುವುದಿಲ್ಲ.

ಅಣ್ಣ ಈಗ ಬಾಗಿಲಲ್ಲೇ ನಿಂತಿರುತ್ತಾನೆ. ಕ್ಯಾನಿಡಲು ಮಂಚದ ಕೆಳಗೆ ಜಾಗ ಮಾಡಿಟ್ಟಿರುತ್ತಾನೆ, ಪೇಪರು ಹಾಸಿ.

"ತಗೋ," ಎಂದಳು ಅತ್ತಿಗೆ.

ಒಂದು ಕೈಯಲ್ಲಿ ತುಂಬು ಕ್ಯಾನು, ಇನ್ನೊಂದರಲ್ಲಿ ಮುಕ್ಕಾಲಿನದು, ಎರಡನ್ನೂ ಮುಂದೆ ಚಾಚಿ ನಿಂತಿದ್ದಳು. ಭಾರಕ್ಕೆ ಭುಜಗಳು ಇಳಿದಿದ್ದವು. ಎಷ್ಟು ಒರೆಸಿದರೂ ಎಡಗೈಯ ಎಣ್ಣೆ ಹೋಗಿರಲಿಲ್ಲ, ಹಿಡಿಕೆ ಬೆರಳಿನ ತುದಿಗೆ ಬರುತ್ತಿತ್ತು. ಪಿನ್ನು ಹಾಕಿದ ಚಪ್ಪಲಿಯ ಬಲಪಾದ, ಅತ್ತಿಗೆಗೇ ಗೊತ್ತಿಲ್ಲದ ಹಾಗೆ, ನೆಲವನ್ನು ಬ್ರೇಕಿನ ಹಾಗೆ ಒತ್ತಿ ಹಿಡಿದಿತ್ತು.

"ತಗೋ ಬೇಗ, ಲಾಂಡ್ರಿ. ಕೈ ಜಾರ್ತಿದೆ."

ಅವಳು ಕೈ ಮುಂದೆ ಮಾಡಲಿಲ್ಲ.

"ಬೇಡ," ಎಂದಳು. "ನಾನು ತಗೊಂಡು ಹೋಗಲ್ಲ, ಅತ್ತಿಗೆ. ಇದ್ದಲ್ಲಿ ಇರ್ಲಿ."